ಗೊತ್ತಿರುವ ಅಪವರ್ತನವನ್ನು ತೆಗೆದ ಮೇಲೆ ಉಳಿಯುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಬೀಜಗಣಿತದ ಅಭ್ಯಾಸದ ಹಾಳೆಗಳನ್ನು ಬರೆಯುತ್ತಿದ್ದೇನೆ. ಬಹುಪದೋಕ್ತಿಯ ಒಂದು ಅಪವರ್ತನವನ್ನು ಕೊಟ್ಟು ಮಿಕ್ಕವನ್ನು ಕೇಳುವ ಲೆಕ್ಕಗಳಲ್ಲಿ ನನಗೊಂದು ಪದ ಬೇಕಾಗಿದೆ.

2ಯ³ + 3ಯ² − 11ಯ − 6 ಎಂಬ ಬಹುಪದೋಕ್ತಿಗೆ (ಯ − 2) ಒಂದು ಅಪವರ್ತನ. ಯ ಇರುವಲ್ಲಿ 2 ಹಾಕಿದರೆ 16 + 12 − 22 − 6, ಅಂದರೆ ಸೊನ್ನೆ. ಭಾಗಿಸಿದರೆ 2ಯ² + 7ಯ + 3 ಸಿಗುತ್ತದೆ. ಇದರ ಮಧ್ಯಪದವನ್ನು 6ಯ + ಯ ಎಂದು ಒಡೆದರೆ (2ಯ + 1)(ಯ + 3). ಲೆಕ್ಕಕ್ಕೆ ತೊಡಕಿಲ್ಲ. ನಡುವೆ ಬಂದ ಆ 2ಯ² + 7ಯ + 3 ಅನ್ನು ಏನೆಂದು ಕರೆಯಬೇಕು?

‘ಭಾಗಲಬ್ಧ’ ಎಂದರೆ ತಪ್ಪಲ್ಲ, ಆದರೆ ಸಾಲದು. ಇದೇ ಬಹುಪದೋಕ್ತಿಯನ್ನು (ಯ − 1) ರಿಂದ ಭಾಗಿಸಿದರೂ 2ಯ² + 5ಯ − 6 ಎಂಬ ಭಾಗಲಬ್ಧ ಬರುತ್ತದೆ. ಶೇಷ −12 ಆದ್ದರಿಂದ ಅದು ಅಪವರ್ತನವಲ್ಲ. ಈ ವ್ಯತ್ಯಾಸವೇ ಪಾಠದ ತಿರುಳು, ಪದ ಅದನ್ನು ಮುಚ್ಚಿಹಾಕಬಾರದು. ‘ಶೇಷ ಅಪವರ್ತನ’ ಎಂಬುದನ್ನಂತೂ ನಾನು ಒಪ್ಪಲಾರೆ. ಶೇಷ ಸೊನ್ನೆಯಾದರೆ ಮಾತ್ರ ಭಾಜಕವು ಅಪವರ್ತನವಾಗುತ್ತದೆ ಎಂದು ಆಗಷ್ಟೇ ಕಲಿತ ಮಗು, ಶೇಷವೇ ಇಲ್ಲದಲ್ಲಿ ಶೇಷ ಅಪವರ್ತನ ಎಲ್ಲಿಂದ ಬಂತು ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ‘ಸಹ ಅಪವರ್ತನ’ ಎನ್ನಬಹುದು, ಆದರೆ ಅದೇ ಪುಟದಲ್ಲಿ ‘ಸಹಗುಣಕ’ವೂ (2ಯ² ದಲ್ಲಿನ 2ರಂಥದ್ದು) ಇರುತ್ತದೆ, ಮಕ್ಕಳು ಎರಡನ್ನೂ ಕಲಸಿಕೊಳ್ಳಬಹುದು.

‘ಅಪವರ್ತನ’, ‘ಅಪವರ್ತ್ಯ’ಗಳೇ ಮಕ್ಕಳನ್ನು ಸಾಕಷ್ಟು ಕಾಡುತ್ತವೆ. ಮ.ಸಾ.ಅ. ಮತ್ತು ಲ.ಸಾ.ಅ. ಎರಡರಲ್ಲೂ ಕೊನೆಯ ಅಕ್ಷರ ಒಂದೇ. ಮೊದಲನೆಯದರಲ್ಲಿ ಅದು ಅಪವರ್ತನ, ಎರಡನೆಯದರಲ್ಲಿ ಅಪವರ್ತ್ಯ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಕುಟ್ಟಕದ (ಸಮೀಕರಣಕ್ಕೆ ಪೂರ್ಣಾಂಕ ಉತ್ತರಗಳನ್ನು ಹುಡುಕುವ ವಿಧಾನದ) ಪ್ರಕರಣದಲ್ಲಿ ಭಾಜ್ಯ, ಹಾರ (ಭಾಜಕ), ಕ್ಷೇಪ (ಕೂಡಿಸುವ ಸಂಖ್ಯೆ) ಇವುಗಳನ್ನು ಮೊದಲು ಅಪವರ್ತಿಸಬೇಕೆನ್ನುತ್ತಾರೆ. ಸಾಮಾನ್ಯ ಸಂಖ್ಯೆಯೊಂದರಿಂದ ಶೇಷವಿಲ್ಲದಂತೆ ಭಾಗಿಸಿ ಕಿರಿದಾಗಿಸುವುದು ಎಂದು ಅಲ್ಲಿನ ಅರ್ಥ. ಹಾಗೆ ಭಾಗಿಸಲು ತಕ್ಕದ್ದು ಅಪವರ್ತ್ಯ. ಇಷ್ಟನ್ನು ಬಿಡಿಸಿ ಹೇಳಿದರೆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ ಎಂಬುದು ನನ್ನ ನಂಬಿಕೆ.

ಸದ್ಯಕ್ಕೆ ‘ಜೊತೆ ಅಪವರ್ತನ’ ಎಂದು ಬರೆದುಕೊಂಡಿದ್ದೇನೆ. 24 ಅನ್ನು 3 × 8 ಎಂದು ಬರೆದಾಗ 3ಕ್ಕೆ 8 ಜೊತೆ ಎಂದರೆ ಕಿರಿಯ ತರಗತಿಯ ಮಗುವಿಗೂ ತಿಳಿಯುತ್ತದೆ. ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸವೆಂಬ ಆಕ್ಷೇಪ ಬಾರದಂತೆ ಎರಡು ಪದಗಳಾಗಿಯೇ ಬಿಡಿಸಿ ಬರೆದಿದ್ದೇನೆ.

ಹಳೆಯ ಕನ್ನಡ ಗಣಿತ ಪಠ್ಯಗಳಲ್ಲಿ ಇದಕ್ಕೆ ನೆಲೆಯಾದ ಪದವನ್ನು ಯಾರಾದರೂ ಕಂಡಿದ್ದೀರಾ? ತರಗತಿಯಲ್ಲಿ ನೀವು ಆಡುವ ಮಾತು ಬೇರೆಯಿದ್ದರೆ ಅದನ್ನೂ, ಅದು ಬಳಕೆಯಲ್ಲಿರುವ ಜಿಲ್ಲೆಯನ್ನೂ ತಿಳಿಸಿ.