ಸಹಾಯ ಬೇಕು: ಮುಳ್ಳಿನಿಂದ ಪದೇ ಪದೇ ಪಂಕ್ಚರ್

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದಿಂದ ಅಂತರಸನಹಳ್ಳಿಯ ಕಾರ್ಖಾನೆಗೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಬಿ.ಎಚ್. ರಸ್ತೆಯ ಬಸ್ಸು, ಆಟೊಗಳ ದಟ್ಟಣೆ ಅಭ್ಯಾಸವಾಗಿದೆ. ಕಾಡುತ್ತಿರುವುದು ಮುಳ್ಳು. ಲಾರಿಗೆ ದಾರಿ ಬಿಟ್ಟು ಅಂಚಿಗೆ ಸರಿದರೆ ಸಾಕು, ಜಾಲಿ ಮುಳ್ಳೋ ನೆಗ್ಗಿಲು ಮುಳ್ಳೋ ಟೈರಿಗೆ ಚುಚ್ಚಿರುತ್ತದೆ. ಬೆಳಗಿನ ಪಾಳಿಗೆ ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಆ ಹೊತ್ತಿಗೆ ಪಂಕ್ಚರ್ ಅಂಗಡಿಗಳೂ ತೆರೆದಿರುವುದಿಲ್ಲ.

ಟೈರಿನ ಅಳತೆ 700×32, ವಾಲ್ವ್ ತೆಳ್ಳಗಿನ ಪ್ರೆಸ್ಟಾ. ಅಡಾಪ್ಟರ್ ಇಲ್ಲದೆ ಬೈಕ್‌ಗೆ ಗಾಳಿ ಹಾಕುವ ಪಂಪ್ ಇದಕ್ಕೆ ಹಿಡಿಯದು, ಹಾಗಾಗಿ ಅಡಾಪ್ಟರನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಮಿತಿಯೊಳಗೇ ಗಾಳಿ ತುಂಬಿಸುತ್ತೇನೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ಮುರಿದ ಮುಳ್ಳು ಉಳಿದಿದೆಯೇ ಎಂದೂ ನೋಡುತ್ತೇನೆ. ಆದರೂ ನಿಂತಿಲ್ಲ.

ಈಗ ಎರಡು ದಾರಿ ಕಾಣುತ್ತಿವೆ. ಟೈರಿಗೂ ಟ್ಯೂಬಿಗೂ ನಡುವೆ ಲೈನರ್ ಪಟ್ಟಿ ಹಾಕಿಸುವುದು ಒಂದು. ಅದರ ಅಂಚೇ ಉಜ್ಜಿ ಟ್ಯೂಬ್ ಹರಿಯಬಹುದು ಎಂಬ ಭಯವಿದೆ. ಇನ್ನೊಂದು, ಟ್ಯೂಬಿನೊಳಗೆ ಸೀಲೆಂಟ್ ದ್ರವ ಹಾಕುವುದು. ಸಣ್ಣ ತೂತನ್ನು ಅದು ತಾನೇ ಮುಚ್ಚುತ್ತದೆ, ಆದರೆ ಅದನ್ನು ಸುರಿಯಲು, ಕಳಚಲು ಬರುವ ವಾಲ್ವ್ ಕೋರ್ (ವಾಲ್ವಿನ ಒಳಭಾಗ) ಇರುವ ಟ್ಯೂಬ್ ಬೇಕು. ಅಂಥ ಟ್ಯೂಬ್ ತುಮಕೂರಿನಲ್ಲೇ ಸಿಗುತ್ತದೆಯೇ, ಬೆಂಗಳೂರಿನಿಂದ ತರಿಸಬೇಕೇ?

ನಮ್ಮ ಕಡೆಯ ರಸ್ತೆಗಳಲ್ಲಿ ಇವನ್ನು ಬಳಸಿದವರು, ಮುಖ್ಯವಾಗಿ ಬೇಸಿಗೆ ಕಳೆದ ಮೇಲೂ ಸೀಲೆಂಟ್ ಒಣಗದೆ ಉಳಿಯಿತೇ ಎಂದು ಕಂಡವರು, ದಯವಿಟ್ಟು ತಿಳಿಸಿ. ಬಟವಾಡಿಯ ಆಸುಪಾಸಿನಲ್ಲಿ ಬೆಳಗ್ಗೆ ಆರಕ್ಕೆ ತೆರೆಯುವ ಸೈಕಲ್ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ.