ಬ್ಯಾಲೆಟ್ ಪೇಪರಲ್ಲಿ ಓಟ್ ಹಾಕೋದ್ರಲ್ಲಿ ಅಂಥಾದ್ದೇನಿದೆ?

ಬಸವನಗುಡಿ_ಬಾಯ್:
2025ರ ಸೆಪ್ಟೆಂಬರಲ್ಲಿ ನಮ್ಮ ಸ್ಟೇಟ್ ಕ್ಯಾಬಿನೆಟ್ ಲೋಕಲ್ ಎಲೆಕ್ಷನ್ನಿಗೆ ಬ್ಯಾಲೆಟ್ ಪೇಪರೇ ಬೇಕು ಅಂತ ಶಿಫಾರಸು ಮಾಡ್ತಲ್ಲ, ಅವತ್ತಿಂದ ಮನೇಲಿ ಅಪ್ಪಂದು ಒಂದೇ ರಾಗ, ಓಟು ಅಂದ್ರೆ ಮುದ್ರೆ ಒತ್ತೋದು ಕಣೋ ಅಂತ. ನಾನು ಹುಟ್ಟಾ ಇವಿಎಂ ಗಿರಾಕಿ, ಬಟನ್ ಒತ್ತಿದೆ, ಬೀಪ್ ಬಂತು, ಮುಗೀತು. ಪೇಪರಲ್ಲಿ ಹಾಕಿದೋರು ಹೇಳಿ, ಇದು ಬರೀ ಹಳೇ ಕಾಲದ ಮೋಹಾನಾ?

ರಿಟೈರ್ಡ್ ಮೇಷ್ಟ್ರು:
ಮೋಹ ಅಲ್ಲಪ್ಪ. ಎಲೆಕ್ಷನ್ ಡ್ಯೂಟಿ ಬೇಕಾದಷ್ಟು ಮಾಡಿದೀನಿ. ಆ ಬಾಣದ ಗುರುತಿನ ಸೀಲ್ ನೋಡಿದೀಯಾ, ಅದರ ಬಾಣಗಳು ಒಂದೇ ಕಡೆಗೆ ತಿರುಗಿರ್ತವೆ. ಯಾಕೆ ಗೊತ್ತಾ? ಚೀಟಿ ಮಡಚಿದಾಗ ಹಸಿ ಇಂಕು ಬೇರೆಯವರ ಚಿಹ್ನೆ ಮೇಲೆ ಅಂಟ್ಕೊಂಡ್ರೂ ಅಲ್ಲಿ ಗುರುತು ತಿರುಗಾಮುರುಗಾ ಬೀಳುತ್ತೆ, ಎಣಿಸೋರಿಗೆ ನೋಡಿದ ತಕ್ಷಣ ಯಾವುದು ಅಸಲಿ ಮುದ್ರೆ ಅಂತ ಗೊತ್ತಾಗುತ್ತೆ, ಹಾಗೆ ಅಂಟದೇ ಇರ್ಲಿ ಅಂತಲೇ ಮೊದಲು ಉದ್ದಕ್ಕೆ ಮಡಚಿ ಆಮೇಲೆ ಅಡ್ಡಕ್ಕೆ ಮಡಚಿ ಅಂತ ನಾವು ಬಾಯಿ ನೋಯೋವರೆಗೂ ಹೇಳ್ತಿದ್ವಿ. ಏಳನೇ ಕ್ಲಾಸ್ ಓದಿದ ಪಾರ್ಟಿ ಏಜೆಂಟೂ ಇದನ್ನ ಕಣ್ಣಲ್ಲೇ ನೋಡಿ ಹೌದು ಅನ್ನಬಹುದು, ಇದರಲ್ಲಿರೋದು ಅಷ್ಟೇ.

ಕುಂದಾನಗರಿ:
ಮೇಷ್ಟ್ರ, ಎಲ್ಲಾ ಛಂದ ಐತ್ರಿ ಆದ್ರ 1996ರ ಲೋಕಸಭಾ ಎಲೆಕ್ಷನ್ ನೆನಪೈತೇನ್ರಿ, ನಮ್ಮ ಬೆಳಗಾವ್ಯಾಗ 456 ಮಂದಿ ನಿಂತಿದ್ರು! ಅಷ್ಟೂ ಹೆಸರು ಪೇಪರ್ ಮ್ಯಾಲೆ ಬರಬೇಕು, ತನಗ ಬೇಕಾದ ಚಿಹ್ನೆ ಹುಡುಕೂದ್ರಾಗ ಅಜ್ಜ ಅಜ್ಜಿ ಸುಸ್ತು. ಮತ್ತ ಬೂತ್ ಕ್ಯಾಪ್ಚರ್ ಮರತ್ರೇನು? ಪೇಪರ್ ಇದ್ರ ಗುದ್ದಿ ಗುದ್ದಿ ಡಬ್ಬಿ ತುಂಬಸ್ತಾರ, ಮಷೀನ್ ನಿಮಿಷಕ್ಕ ನಾಕರ ಮ್ಯಾಲೆ ಓಟ್ ತಗೋಳಂಗಿಲ್ಲ.

ಹಳ್ಳಿಹೈದ:
ಅಣ್ಣ ದೊಡ್ಡ ಎಲೆಕ್ಷನ್ ಬಿಡಿ, ಪಂಚಾಯ್ತಿದು ಹೇಳ್ತೀನಿ. 2020ರ ಡಿಸೆಂಬರಲ್ಲಿ ಬೀದರ್ ಜಿಲ್ಲೆ ಬಿಟ್ಟು ಎಲ್ಲಾ ಕಡೆ ಪೇಪರೇ. ವಾರ್ಡಲ್ಲಿ ಎಷ್ಟು ಸೀಟೋ ಅಷ್ಟು ಮುದ್ರೆ ಒತ್ತಬಹುದು, ಒಂದು ಜಾಸ್ತಿ ಬಿದ್ರೆ ಓಟೇ ಕುಲಗೆಟ್ಟೋಯ್ತು ಅಂತ ಲೆಕ್ಕ. ನಮ್ ಮಾವನ ಕಡೆ ಕೌಂಟಿಂಗ್ ಏಜೆಂಟಾಗಿ ಕೂತಿದ್ದೆ, ಒಂದು ಚೀಟೀಲಿ ಮುದ್ರೆ ಸರಿಯಾಗಿ ಎರಡು ಚಿಹ್ನೆ ನಡುವಿನ ಗೆರೆ ಮೇಲೇ ಬಿದ್ದಿತ್ತು, ಎರಡೂ ಕಡೆಯೋರು ಟೇಬಲ್ ಗುದ್ದಿ ಕೂಗಾಡಿದ್ವಿ, ಕೊನೆಗೆ ರಿಜೆಕ್ಟ್. ಮಾವ ಸೋತ್ರು. ಆದ್ರೂ ಮೋಸ ಆಯ್ತು ಅಂತ ಊರಲ್ಲಿ ಒಬ್ರೂ ಅನ್ನಲಿಲ್ಲ, ಎಲ್ಲಾ ಕಣ್ಮುಂದೆನೇ ಆಗಿತ್ತಲ್ಲ.

ಬಸವನಗುಡಿ_ಬಾಯ್:
@ಹಳ್ಳಿಹೈದ ಇದು ಅರ್ಥ ಆಯ್ತು. ಆದ್ರೆ ಇವಿಎಂ ಜೊತೆ ಇಡೋ ಪ್ರಿಂಟರ್, ಅದೇ ವಿವಿಪ್ಯಾಟಿಂದ, ಯಾರಿಗೆ ಓಟ್ ಬಿತ್ತು ಅಂತ ತೋರಿಸೋ ಚೀಟಿ ಗ್ಲಾಸ್ ಹಿಂದೆ 7 ಸೆಕೆಂಡ್ ಕಾಣುತ್ತಲ್ಲ, ಅದು ಸಾಲದಾ?

ರಿಟೈರ್ಡ್ ಮೇಷ್ಟ್ರು:
ಕಾಣುತ್ತೆ, ಆದ್ರೆ ಒಂದು ಅಸೆಂಬ್ಲಿ ಕ್ಷೇತ್ರಕ್ಕೆ 5 ಬೂತಿಂದು ಮಾತ್ರ ಎಣಿಸೋದು. ಎಲ್ಲಾ ಎಣಿಸಿ, ಇಲ್ಲಾ ಪೇಪರೇ ತನ್ನಿ ಅಂತ ಹೋದೋರಿಗೆ 2024ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂತು. ನನ್ನ ಕೇಳಿದ್ರೆ ಪಂಚಾಯ್ತಿಗೆ ಪೇಪರ್ ಇರಲಿ, ಲೋಕಸಭೆಗೆ ಬೇಡ, ಆ ಕೌಂಟಿಂಗ್ ಡ್ಯೂಟಿ ಶತ್ರುಗೂ ಬೇಡಪ್ಪ.

ಕುಂದಾನಗರಿ:
ಹಂಗಂದ್ರ ನಿಮ್ಮ ಬೆಂಗಳೂರು ಕಾರ್ಪೊರೇಷನ್‌ಗೆ ಯಾವುದ್ರಿ ಮೇಷ್ಟ್ರ? ಮೊದಲ ಎಲೆಕ್ಷನ್ನರ ಮಾಡ್ರಿ, 2015 ಆದ ಮ್ಯಾಲೆ ವರ್ಷಾನುಗಟ್ಲೆ ಆಗೇ ಇಲ್ಲ 😄