ಪದ ಬೇಕು (ತುರ್ತು): ರಾಜಮನೆತನದವರ ‘ಕಾಂಬ್ಯಾಟ್ ಸರ್ವಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಿವೃತ್ತ ಸೈನಿಕರ ಸಭಾಂಗಣದಲ್ಲಿ ಭಾನುವಾರ ಚಿತ್ರಪ್ರದರ್ಶನ ಇದೆ. ಮೂರು ಫಲಕ ನನ್ನ ಪಾಲಿಗೆ ಬಂದಿವೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ‘ಇನ್ವಿನ್ಸಿಬಲ್’ ಹಡಗಿನಿಂದ ಸೀ ಕಿಂಗ್ ಹೆಲಿಕಾಪ್ಟರ್ ಹಾರಿಸಿದ, ಬ್ರಿಟನ್ ರಾಣಿ ಎಲಿಜಬೆತ್‌ರ ಮಗ ಆಂಡ್ರ್ಯೂ. ಅಫ್ಘಾನಿಸ್ತಾನಕ್ಕೆ ಎರಡು ಸಲ ಹೋಗಿಬಂದ, ಆ ರಾಣಿಯ ಮೊಮ್ಮಗ ಹ್ಯಾರಿ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಸಿಂಧ್‌ನ ಛಾಛ್ರೊ ಮೇಲೆ ‘10 ಪ್ಯಾರಾ’ ಪಡೆಯ ಕಮಾಂಡೊಗಳನ್ನು ಕರೆದೊಯ್ದು ಮಹಾವೀರ ಚಕ್ರ ಪಡೆದ ಜೈಪುರದ ಭವಾನಿ ಸಿಂಗ್. ತಲೆಬರಹ ‘ಆಧುನಿಕ ಸಮರದಲ್ಲಿ ರಾಜವಂಶಸ್ಥರ ಸೇವೆ’ ಎಂದು ಬರೆದೆ. ಓದಿದವರೊಬ್ಬರು ದೇವಸ್ಥಾನದ ಸೇವೆಯ ಹಾಗೆ ಕೇಳಿಸುತ್ತದೆ ಎಂದರು. ಫ್ಲೆಕ್ಸ್‌ನವರು ನಾಳೆ ಬೆಳಿಗ್ಗೆ ಹತ್ತಕ್ಕೆ ಫೈಲ್ ಕೇಳಿದ್ದಾರೆ. ದಯವಿಟ್ಟು ಬೇಗ ತಿಳಿಸಿ.
— ಮಡಿಕೇರಿಯಿಂದ

ಸಮರ, ವಂಶಸ್ಥ, ಸೇವೆ, ಆಧುನಿಕ. ನಾಲ್ಕೂ ಸಂಸ್ಕೃತ. ‘ಈ ಕಾಲದ ಅರಸುಮಕ್ಕಳ ಕಾಳಗ’ ಎಂದು ಬರೆಯಿರಿ, ಸಾಕು.
— ಬೆಂಗಳೂರಿನಿಂದ

‘ಸೇವೆ’ಗೆ ನಮ್ಮದೇ ಶಬ್ದ ಅದ: ಜೋಳವಾಳಿ. ಉಂಡ ಜೋಳದ ಋಣಕ್ಕ ಒಡೆಯನ ಸಲುವಾಗಿ ಕಾದೋದು. ಜೋಳ, ಪಾಳಿ (ಅಂದ್ರ ಕರ್ತವ್ಯ) ಕೂಡಿ ಆದದ್ದು. ಪಕಾರ ವಕಾರ ಆದದ್ದನ್ನ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಮಾತನ್ನ ಬಿಟ್ಟು ‘ಸರ್ವಿಸ್’ ಹಿಂದ ಯಾಕ ಓಡತೀರಿ?
— ಧಾರವಾಡದಿಂದ

ಇಬ್ಬರ ಸಲಹೆಯೂ ಫಲಕಕ್ಕೆ ಸಲ್ಲದು.

‘ಅರಸುಮಕ್ಕಳ ಕಾಳಗ’ ಎಂದರೆ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಹೊಡೆದಾಡಿಕೊಂಡರು ಎಂದೇ ಅರ್ಥ. ಟಗರಿನ ಕಾಳಗ ಎಂದಾಗ ಟಗರು ಯಾರ ಮೇಲೆ ಬೀಳುತ್ತದೆ? ಷಷ್ಠಿ ವಿಭಕ್ತಿ ಹಾಕಿದ ಕೂಡಲೇ ಕಾಳಗ ಒಳಜಗಳವಾಗುತ್ತದೆ. ಅದೂ ಅಲ್ಲದೆ ಭವಾನಿ ಸಿಂಗ್ ಅರಸುಮಗನಲ್ಲ. 1970ರಲ್ಲೇ ತಂದೆ ತೀರಿಕೊಂಡು ಅವರೇ ಮಹಾರಾಜರಾಗಿದ್ದರು. ಅವರ ಫಲಕದಲ್ಲಿ ‘ಮಾಜಿ ಮಹಾರಾಜ’ ಎಂದೂ ಹಾಕಬೇಡಿ. ರಾಜರ ಮಾನ್ಯತೆ ತೆಗೆದ ಸಂವಿಧಾನದ 26ನೇ ತಿದ್ದುಪಡಿ ಬಂದದ್ದು 1971ರ ಡಿಸೆಂಬರ್ ಕೊನೆಗೆ, ಯುದ್ಧ ಮುಗಿದ ಮೇಲೆ. ದಾಳಿಗೆ ಹೋದ ರಾತ್ರಿ ಅವರು ಕಾನೂನಿನ ಪ್ರಕಾರವೂ ಮಹಾರಾಜರೇ.

ಜೋಳವಾಳಿ ನನಗೂ ಪ್ರಾಣಕ್ಕೆ ಹತ್ತಿರವಾದ ಪದ. ಅದಕ್ಕೇ ಹೇಳುತ್ತೇನೆ, ಅದು ಕೆಳಗಿನಿಂದ ಮೇಲಕ್ಕೆ ಸಲ್ಲುವ ಋಣ. ಉಂಡವನು ಉಣಿಸಿದವನಿಗೆ ತೀರಿಸುವಂಥದ್ದು. ಉಣಿಸುವ ಮನೆಯವನೇ ಯುದ್ಧಕ್ಕೆ ಹೋದರೆ ಯಾರ ಜೋಳ, ಯಾರ ಪಾಳಿ?

ಇನ್ನು ‘ಕಾದು’ (ಯುದ್ಧ ಮಾಡು) ಧಾತು. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ ಎಂದು ಓದುವಾಗ ಇಂದಿಗೂ ಮೈ ನವಿರೇಳುತ್ತದೆ. ಆದರೆ ‘ಕಾದಿದ ರಾಜಕುಮಾರ’ ಎಂದು ಫ್ಲೆಕ್ಸಿನಲ್ಲಿ ಹಾಕಿದರೆ ನೂರಕ್ಕೆ ತೊಂಬತ್ತು ಜನ ‘ಕಾದ’ ಎಂದು ಓದಿ, ಯಾರಿಗಾಗಿ ಕಾದ ಎಂದು ಕೇಳುತ್ತಾರೆ. ಆಂಡ್ರ್ಯೂ ವಿಷಯದಲ್ಲಿ ಮಾತ್ರ ‘ಹಡಗನ್ನು ಕಾದ’ ಎಂಬುದು ಅಕ್ಷರಶಃ ನಿಜ: ಎಕ್ಸೊಸೆಟ್ ಕ್ಷಿಪಣಿ ಬಂದರೆ ಅದನ್ನು ಹಡಗಿನಿಂದ ತಮ್ಮತ್ತ ಸೆಳೆಯುವುದೂ ಆ ಹೆಲಿಕಾಪ್ಟರುಗಳ ಕೆಲಸವಾಗಿತ್ತು. ‘ಹೋರಾಡಿದ’ ಎಂದರೆ ಈಗ ಧರಣಿ, ಚಳವಳಿ.

ಹ್ಯಾರಿಗೆ ‘ಯುವರಾಜ’ ಬೇಡವೇ ಬೇಡ. ಪತ್ರಿಕೆಗಳು ಹಾಕುತ್ತವೆ, ತಪ್ಪು. ಯುವರಾಜ ಪಟ್ಟಕ್ಕೆ ನಿಂತವನು. ಹ್ಯಾರಿ ಆಗ ಮೂರನೆಯ ಹಕ್ಕುದಾರ. ಸೈನ್ಯದ ಒಳಗೆ ಅವನು ಕ್ಯಾಪ್ಟನ್ ವೇಲ್ಸ್.

ನಿಮ್ಮ ‘ಸೇವೆ’ಯ ನಿಜವಾದ ದೋಷ ದೇವಸ್ಥಾನವಲ್ಲ. 2007ರ ಮೇ ತಿಂಗಳಲ್ಲಿ ಹ್ಯಾರಿ ಸೈನ್ಯದಲ್ಲಿ ಸೇವೆಯಲ್ಲೇ ಇದ್ದ, ಆದರೆ ಇರಾಕಿಗೆ ಕಳಿಸಬಾರದೆಂದು ಸೇನಾ ಮುಖ್ಯಸ್ಥರು ತೀರ್ಮಾನಿಸಿದರು. ಅದೇ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡಿಗೆ ಗುಟ್ಟಾಗಿ ಹೋದ, ನೆಲದ ಮೇಲಿದ್ದು ವಿಮಾನಗಳಿಗೆ ಗುರಿ ಹೇಳಿದ. ಫೆಬ್ರುವರಿ ಕೊನೆಗೆ ಗುಟ್ಟು ರಟ್ಟಾದದ್ದೇ ವಾಪಸು ಕರೆಸಿದರು. ಎರಡಕ್ಕೂ ‘ಸೇವೆ ಸಲ್ಲಿಸಿದ’ ಎಂದೇ ಬರೆದರೆ, ಗುಂಡಿನ ಎದುರು ನಿಂತವನಿಗೂ ಪರೇಡಿನಲ್ಲಿ ನಿಂತವನಿಗೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ವ್ಯತ್ಯಾಸಕ್ಕೆ ಮಾತಿದೆ: ‘ಮಿಲಿಟ್ರಿಯಲ್ಲಿದ್ದರು’, ‘ಯುದ್ಧಕ್ಕೆ ಹೋಗಿದ್ದರು’. ಎರಡನೆಯದನ್ನೇ ತೆಗೆದುಕೊಳ್ಳಿ.
— ಮೈಸೂರಿನಿಂದ

ಬ್ರಿಟಿಷ್ ಸೈನ್ಯದಾಗ ಆಗ ಪ್ರಮಾಣ ಮಾಡತಿದ್ದದ್ದು ರಾಣಿಗೆ. ಹ್ಯಾರಿಗೆ ಆ ರಾಣಿ ಸ್ವಂತ ಅಜ್ಜಿ. ಮೊಮ್ಮಗನೂ ಉಂಡವನs. ಜೋಳವಾಳಿ ಹೊಂದತದ.
— ಧಾರವಾಡದಿಂದ

ಭವಾನಿ ಸಿಂಗರಿಗೆ ಹೊಂದುವುದಿಲ್ಲ. ಅವರ ನಿಷ್ಠೆ ಭಾರತದ ಸಂವಿಧಾನಕ್ಕೆ. ಮೂರೂ ಫಲಕಕ್ಕೆ ಒಂದೇ ತಲೆಬರಹ ಬೇಕು.
— ಮೈಸೂರಿನಿಂದ

ಮೈಸೂರಿನವರು ‘ಮಿಲಿಟ್ರಿ’ಯನ್ನೂ ಕನ್ನಡ ಮಾಡಿಬಿಟ್ಟರು. ಹೀಗೆ ಬಾಗಿಲು ತೆರೆದಿಟ್ಟರೆ ನಾಳೆ ಪದಕೋಶದಲ್ಲಿ ನಮ್ಮದೆನ್ನುವ ಪದವೇ ಉಳಿಯುವುದಿಲ್ಲ.
— ಬೆಂಗಳೂರಿನಿಂದ

ಸಿಪಾಯಿ, ಹವಾಲ್ದಾರ, ಸುಬೇದಾರ, ಬಂದೂಕು, ಫಿರಂಗಿ ಇವುಗಳಲ್ಲಿ ಯಾವುದನ್ನು ಹೊರಹಾಕುತ್ತೀರಿ? ನಾನಿರುವ ಊರಿನಲ್ಲಿ ಲಷ್ಕರ್ (ದಂಡು) ಮೊಹಲ್ಲಾ ಇದೆ. ನಿಮ್ಮ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಿಂತಿದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣಕ್ಕೆ ಕುದುರೆಯ ಮೇಲೆ ನುಗ್ಗಿದವರು ಅವರು. ಮೈಸೂರಿನ ಮಹಾರಾಜರು ಹೋಗಿರಲಿಲ್ಲ, ಅವರ ಸವಾರರು ಹೋಗಿದ್ದರು. ಜೋಳವಾಳಿ ಅಂದರೆ ಅದು. ಆ ಪದವನ್ನು ಅವರಿಗೆ ಬಿಡಿ.
— ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಇಲ್ಲಿನ ನಿವೃತ್ತ ಸುಬೇದಾರರೊಬ್ಬರಿಗೆ ಓದಿ ಹೇಳಿದೆ. ಅವರ ಬಾಯಲ್ಲಿ ‘ಫೀಲ್ಡ್’ (ಗಡಿ, ಕಾರ್ಯಾಚರಣೆಯ ಜಾಗ), ‘ಪೀಸ್’ (ಶಾಂತಿಯ ಜಾಗ) ಎಂದು ಎರಡೇ ಮಾತು. ‘ಫೀಲ್ಡ್‌ಗೆ ಹೋದವರು’ ಎನ್ನಬಹುದಲ್ಲ ಎಂದರು. ಜೊತೆಗೆ ಬರುವ ಮನೆಯವರಿಗೆ, ಮಕ್ಕಳಿಗೆ ತಿಳಿಯಲಿಕ್ಕಿಲ್ಲ ಎಂದು ಬಿಟ್ಟೆ. ‘ಅರಸುಮನೆತನ’ ಎಂದರೆ ಅರಸು ಸಮುದಾಯ ಎಂದುಕೊಂಡಾರು, ಹಾಗಾಗಿ ಅದೂ ಬೇಡವೆನಿಸಿತು. ಫೈಲ್ ಈಗಷ್ಟೇ ಕಳಿಸಿದೆ: ‘ಯುದ್ಧಕ್ಕೆ ಹೋದ ರಾಜಮನೆತನದವರು’. ಕೆಳಗೆ ‘ಆಗಿನ ರಾಜಕುಮಾರ ಆಂಡ್ರ್ಯೂ’, ‘ರಾಜಕುಮಾರ ಹ್ಯಾರಿ’, ‘ಮಹಾರಾಜ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್’.
— ಮಡಿಕೇರಿಯಿಂದ